ಒಂದು ಬುಟ್ಟಿಯಿಂದ ಒಂದು ಕೋಣೆ

ಬಣ್ಣದ ಅಂಗಡಿಯಲ್ಲಿ ಶೇಡ್ ಕಾರ್ಡ್ ಬಿಡಿಸಿದ ಕೂಡಲೇ ನಿಮಗೆ ದಿಕ್ಕು ತೋಚದಂತಾಗಿದ್ದರೆ ಅದು ನಿಮ್ಮ ತಪ್ಪಲ್ಲ. ಶೇಡ್ ಕಾರ್ಡ್ ಎಂದರೆ ಕಂಪನಿಯವರು ತಮ್ಮಲ್ಲಿ ಸಿಗುವ ಬಣ್ಣಗಳನ್ನೆಲ್ಲ ಪುಟ್ಟ ಪುಟ್ಟ ಚೌಕಗಳಲ್ಲಿ ಅಚ್ಚು ಹಾಕಿಸಿ ಕೊಡುವ ಪುಸ್ತಕ. ಅದರಲ್ಲಿ ಬಿಳಿಯೇ ಹತ್ತಾರು ಬಗೆ. ಒಂದಕ್ಕೂ ಇನ್ನೊಂದಕ್ಕೂ ಇರುವ ವ್ಯತ್ಯಾಸ ಕಣ್ಣಿಗೆ ಹತ್ತುವುದಿಲ್ಲ. ಕೊನೆಗೆ ಪೇಂಟರ್ ಕಡೆ ತಿರುಗಿ "ನೀವೇ ಒಂದು ಹೇಳಿಬಿಡಿ" ಎನ್ನುತ್ತೇವೆ. ಅವರು ಹಿಂದಿನ ಬೀದಿಯ ಮನೆಗೆ ಹೊಡೆದ ಕ್ರೀಮ್ ಬಣ್ಣವನ್ನೇ ನಮ್ಮ ಮನೆಗೂ ಹೊಡೆದು ಹೋಗುತ್ತಾರೆ.

ನಾನು ಡ್ರಾಯಿಂಗ್ ಮೇಷ್ಟ್ರು. ಮಕ್ಕಳಿಗೆ ಬಣ್ಣದ ಪಾಠ ಹೇಳುವಾಗ ಅವರನ್ನು ಕರೆದೊಯ್ಯಲು ಬಂದ ಅಪ್ಪ–ಅಮ್ಮಂದಿರು ಬಾಗಿಲಲ್ಲಿ ನಿಂತು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಇದೇ: "ಮೇಷ್ಟ್ರೇ, ನಮ್ಮ ಹಾಲ್‌ಗೆ ಯಾವ ಬಣ್ಣ ಹಾಕಿಸೋಣ?" ಅವರಿಗೆ ಹೇಳುವ ಮೊದಲ ಮಾತನ್ನೇ ನಿಮಗೂ ಹೇಳುತ್ತೇನೆ. ಗೋಡೆಯಿಂದ ಶುರು ಮಾಡಬೇಡಿ. ನಿಮಗೆ ಮನಸಾರೆ ಇಷ್ಟವಾದ, ಕೈಯಿಂದ ಬಣ್ಣ ಬರೆದ ಒಂದು ವಸ್ತುವಿನಿಂದ ಶುರು ಮಾಡಿ. ಅದು ಒಂದು ಬುಟ್ಟಿಯಾಗಿರಬಹುದು, ಬೊಂಬೆಯಾಗಿರಬಹುದು, ಚಿತ್ರಪಟವಾಗಿರಬಹುದು. ಗೋಡೆಯ ಬಣ್ಣ ಯಾವುದಿರಬೇಕೆಂದು ಆ ವಸ್ತುವೇ ಹೇಳಿಕೊಡುತ್ತದೆ.

ಕಾರಣ ಸರಳ. ಗೋಡೆಯ ಬಣ್ಣ ಸಾವಿರ ಬಗೆಯಲ್ಲಿ ಸಿಗುತ್ತದೆ, ಕೇಳಿದ ಹಾಗೆ ಕಲಸಿಯೂ ಕೊಡುತ್ತಾರೆ. ಕೈಯಿಂದ ಬರೆದ ವಸ್ತು ಇರುವುದು ಒಂದೇ. ಬಗ್ಗಬಲ್ಲದ್ದು ಬಗ್ಗದ್ದಕ್ಕೆ ಹೊಂದಿಕೊಳ್ಳುವುದು ಸುಲಭ. ಅದನ್ನು ತಿರುಗಾಮುರುಗಾ ಮಾಡಿದಾಗಲೇ ತೊಂದರೆ ಶುರುವಾಗುವುದು.

ಮೊದಲು ಬುಟ್ಟಿಯನ್ನು ನೋಡೋಣ

ನಮ್ಮ ಪಾಠಕ್ಕೆ ನಾನು ಆರಿಸಿಕೊಂಡಿರುವುದು ಮಲೆನಾಡಿನ ಭೂಮಣ್ಣಿ ಬುಟ್ಟಿಯನ್ನು. ಶಿವಮೊಗ್ಗ ಜಿಲ್ಲೆಯ ಸಾಗರ, ಸೊರಬ ಮತ್ತು ಉತ್ತರ ಕನ್ನಡದ ಸಿದ್ದಾಪುರದ ಕಡೆ ದೀವರ ಸಮುದಾಯದ ಹೆಣ್ಣುಮಕ್ಕಳು ಬರೆಯುವ ಚಿತ್ರಕ್ಕೆ ಚಿತ್ತಾರ ಎಂದು ಹೆಸರು. ಮದುವೆಯ ಮನೆಯಲ್ಲಿ ಗಂಡು–ಹೆಣ್ಣು ಕುಳಿತುಕೊಳ್ಳುವ ಜಾಗಕ್ಕೆ ಹಸೆ ಎನ್ನುತ್ತಾರೆ. ಅದರ ಹಿಂದಿನ ಗೋಡೆಯ ಮೇಲೆ ಬರೆದದ್ದು ಹಸೆ ಚಿತ್ತಾರ. ಭೂಮಿ ಹುಣ್ಣಿಮೆಯಂದು ಭೂಮಿತಾಯಿಗೆ ಅಡುಗೆ ಹೊತ್ತು ಗದ್ದೆಗೆ ಹೋಗುವ ಬುಟ್ಟಿಯೇ ಭೂಮಣ್ಣಿ ಬುಟ್ಟಿ. ಅದರ ಮೇಲೂ ಇದೇ ಚಿತ್ತಾರ ಇರುತ್ತದೆ.

ಬುಟ್ಟಿಗೆ ಮೊದಲು ಸಗಣಿ ಬಳಿದು ಒಣಗಿಸುತ್ತಾರೆ. ಹೆಣಿಗೆಯ ಸಂದುಗಳು ಮುಚ್ಚಿ ಮೈ ಸಮವಾಗುತ್ತದೆ. ಅದರ ಮೇಲೆ ಕೆಮ್ಮಣ್ಣು ಬಳಿಯುತ್ತಾರೆ. ಕೆಮ್ಮಣ್ಣು ಎಂದರೆ ಕಬ್ಬಿಣದ ಅಂಶವಿರುವ ಕೆಂಪು ಮಣ್ಣು. ಬಯಲುಸೀಮೆಯಲ್ಲಿ ನೀವು ಇದನ್ನು ಜಾಜು ಎಂದು ಕೇಳಿರಬಹುದು. ಅದು ಒಣಗಿದ ಮೇಲೆ, ಅಕ್ಕಿಯನ್ನು ನೆನೆಸಿ ನುಣ್ಣಗೆ ಅರೆದ ಬಿಳಿ ಹಿಟ್ಟಿನಲ್ಲಿ ಪುಂಡಿ ನಾರಿನ ಕುಂಚ ಅದ್ದಿ ಗೆರೆ ಎಳೆಯುತ್ತಾರೆ. ಚಿತ್ತಾರದಲ್ಲಿ ಬಳಸುವ ಬಣ್ಣ ಒಟ್ಟು ನಾಲ್ಕು: ಕೆಮ್ಮಣ್ಣಿನ ಕೆಂಪು, ಅಕ್ಕಿಯ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ.

ಈಗ ಬುಟ್ಟಿಯನ್ನು ಮೇಜಿನ ಮೇಲಿಟ್ಟು ನಾಲ್ಕು ಹೆಜ್ಜೆ ಹಿಂದೆ ಬಂದು ನೋಡಿ. ಮೂರು ಸಂಗತಿ ಕಾಣುತ್ತವೆ. ಒಂದು, ಬುಟ್ಟಿಯ ಬಹುಪಾಲು ಕೆಂಪೇ, ಆದರೆ ಕಣ್ಣು ಹೋಗುವುದು ಬಿಳಿ ಗೆರೆಯ ಕಡೆಗೆ. ಎರಡು, ಆ ಕೆಂಪು ಕುಂಕುಮದಂತೆ ಕಣ್ಣಿಗೆ ಹೊಡೆಯುವ ಕೆಂಪಲ್ಲ, ಹೆಂಚಿನಂಥ ತಣ್ಣನೆಯ ಕೆಂಪು. ಮೂರು, ಹಳದಿ ಮತ್ತು ಕಪ್ಪು ಇರುವುದೇ ಚೂರು, ಆದರೂ ಅವನ್ನು ತೆಗೆದುಹಾಕಿದರೆ ಬುಟ್ಟಿ ಸಪ್ಪೆಯಾಗುತ್ತದೆ.

ಹಿಂದೆ ಸುಮ್ಮನೆ ನಿಂತಿರುವ ಬಣ್ಣವನ್ನು ಚಿತ್ರಕಲೆಯಲ್ಲಿ ಹಿನ್ನೆಲೆ ಎನ್ನುತ್ತೇವೆ. ಮುಂದೆ ಬಂದು ಮಾತಾಡುವುದನ್ನು ಆಕೃತಿ ಎನ್ನುತ್ತೇವೆ. ಮನೆಯ ಅಲಂಕಾರವೆಲ್ಲ ಈ ಎರಡರ ನಡುವಿನ ಒಪ್ಪಂದ. ಎಲ್ಲವೂ ಮುಂದೆ ಬಂದು ಮಾತಾಡಿದರೆ ಸಂತೆಯಾಗುತ್ತದೆ. ಯಾವುದೂ ಮಾತಾಡದಿದ್ದರೆ ಆಸ್ಪತ್ರೆಯ ವಾರ್ಡಿನಂತಾಗುತ್ತದೆ.

ಬಣ್ಣದ ಮೂರು ಗುಣ

ಬಣ್ಣದ ಬಗ್ಗೆ ಮಾತಾಡಲು ನಮಗೆ ಮೂರೇ ಮೂರು ಪದ ಸಾಕು.

ಮೊದಲನೆಯದು ವರ್ಣ. ಕೆಂಪು, ಹಸಿರು, ನೀಲಿ ಎಂದು ನಾವು ಕರೆಯುವ ಹೆಸರೇ ವರ್ಣ.

ಎರಡನೆಯದು ತಿಳಿ–ಗಾಢ. ಅದೇ ನೀಲಿ ಮುಂಜಾನೆಯ ಬಾನಿನಂತೆ ತಿಳಿಯಾಗಿರಬಹುದು, ಇಳಕಲ್ ಸೀರೆಯ ಒಡಲಿನಂತೆ ಗಾಢವಾಗಿರಬಹುದು. ಬಿಳಿಗೆ ಹತ್ತಿರವಾದಷ್ಟೂ ತಿಳಿ, ಕಪ್ಪಿಗೆ ಹತ್ತಿರವಾದಷ್ಟೂ ಗಾಢ.

ಮೂರನೆಯದು ತೀವ್ರತೆ. ಗಿಳಿಹಸಿರನ್ನೂ ಪಾಚಿಹಸಿರನ್ನೂ ಪಕ್ಕದಲ್ಲಿಟ್ಟು ನೋಡಿ. ಎರಡೂ ಹಸಿರೇ. ಗಿಳಿಹಸಿರು ಕೂಗಿ ಕರೆಯುತ್ತದೆ, ಪಾಚಿಹಸಿರು ಮೆಲ್ಲಗೆ ಮಾತಾಡುತ್ತದೆ. ಮೊದಲನೆಯದರ ತೀವ್ರತೆ ಹೆಚ್ಚು, ಎರಡನೆಯದರದು ಕಡಿಮೆ. ಕುಂಕುಮಕ್ಕೂ ಕೆಮ್ಮಣ್ಣಿಗೂ ಇರುವ ಮುಖ್ಯ ವ್ಯತ್ಯಾಸವೂ ಇದೇ.

ಮನೆಗೆ ಬಣ್ಣ ಆರಿಸುವಾಗ ಹೊಸಬರು ಯೋಚಿಸುವುದು ವರ್ಣವನ್ನು ಮಾತ್ರ: ಹಾಲ್‌ಗೆ ಹಸಿರೋ ನೀಲಿಯೋ? ಆದರೆ ಕೋಣೆಯೊಂದು ಹಿತವಾಗಿದೆಯೋ ಇಲ್ಲವೋ ಎಂಬುದು ಹೆಚ್ಚಾಗಿ ಉಳಿದೆರಡು ಗುಣಗಳ ಮೇಲೆ ನಿಂತಿರುತ್ತದೆ. ದೊಡ್ಡ ಜಾಗಕ್ಕೆ ತೀವ್ರತೆ ಕಡಿಮೆ ಇರಲಿ, ಚಿಕ್ಕ ವಸ್ತುವಿಗೆ ತೀವ್ರತೆ ಹೆಚ್ಚಿದ್ದರೂ ಸರಿ. ಮೊದಲ ದಿನಕ್ಕೆ ಇಷ್ಟು ನೆನಪಿಟ್ಟುಕೊಂಡರೆ ಸಾಕು.

ತಿಳಿ–ಗಾಢವನ್ನು ಪರೀಕ್ಷಿಸಲು ಒಂದು ಉಪಾಯವಿದೆ. ನಿಮ್ಮ ವಸ್ತುವನ್ನು ಗೋಡೆಯ ಮುಂದಿಟ್ಟು ಮೊಬೈಲಿನಲ್ಲಿ ಚಿತ್ರ ತೆಗೆದು, ಅದನ್ನು ಕಪ್ಪು–ಬಿಳುಪಿಗೆ ಬದಲಾಯಿಸಿ ನೋಡಿ. ವಸ್ತು ಗೋಡೆಯಲ್ಲಿ ಕರಗಿಹೋದರೆ ಎರಡರ ತಿಳಿ–ಗಾಢ ಒಂದೇ ಆಗಿದೆ ಎಂದರ್ಥ. ಆಗ ವರ್ಣ ಎಷ್ಟೇ ಬೇರೆಯಾಗಿದ್ದರೂ ದೂರದಿಂದ ವಸ್ತುವಿನ ಅಂಚು ಸ್ಪಷ್ಟವಾಗುವುದಿಲ್ಲ. ಹೆಂಚುಗೆಂಪು ಗೋಡೆಯ ಮುಂದೆ ನಮ್ಮ ಬುಟ್ಟಿಯನ್ನಿಟ್ಟರೆ ಆಗುವುದು ಹೀಗೆಯೇ: ಬಿಳಿ ಗೆರೆ ಗಾಳಿಯಲ್ಲಿ ತೇಲುತ್ತದೆ, ಬುಟ್ಟಿ ಕಾಣೆಯಾಗುತ್ತದೆ.

ನೆರೆಯವರ ಪ್ರಭಾವ

ಬಣ್ಣ ಒಂಟಿಯಾಗಿ ಬಾಳುವುದಿಲ್ಲ. ಪಕ್ಕದಲ್ಲಿ ಯಾರಿದ್ದಾರೆ ಎಂಬುದರ ಮೇಲೆ ಅದರ ನಡವಳಿಕೆ ಬದಲಾಗುತ್ತದೆ. ಪ್ಯಾರಿಸ್‌ನ ಗೊಬ್ಲಾಂ ಎಂಬ ಹೆಸರಾಂತ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣದ ವಿಭಾಗ ನೋಡಿಕೊಳ್ಳುತ್ತಿದ್ದ ಮಿಶೆಲ್ ಯೂಜೆನ್ ಶೆವ್ರೂಲ್ ಎಂಬ ರಸಾಯನ ವಿಜ್ಞಾನಿಗೆ ಒಂದು ದೂರು ಬಂತು. ಅಲ್ಲಿನ ಕಪ್ಪು ನೂಲು ಸಾಕಷ್ಟು ಕಪ್ಪಾಗಿ ಕಾಣುವುದಿಲ್ಲ ಎಂಬುದು ಆ ದೂರು. ಅವರು ನೂಲನ್ನು ಪರೀಕ್ಷಿಸಿದರು. ದೋಷ ಬಣ್ಣದಲ್ಲಿರಲಿಲ್ಲ, ಪಕ್ಕದಲ್ಲಿ ನೇಯ್ದ ಬಣ್ಣಗಳು ಕಪ್ಪನ್ನು ಮಂಕುಗೊಳಿಸುತ್ತಿದ್ದವು. ಈ ವಿಷಯ ಕುರಿತ ಅವರ ದೊಡ್ಡ ಗ್ರಂಥ 1839ರಲ್ಲಿ ಪ್ರಕಟವಾಯಿತು.

ಈ ನೆರೆಹೊರೆಯನ್ನು ಅರಿಯಲು ಒಂದು ಚಕ್ರ ಬರೆದುಕೊಳ್ಳಿ. ಕಾಗದದ ಮೇಲೆ ವೃತ್ತ ಎಳೆದು, ಸಮನಾದ ಅಂತರದಲ್ಲಿ ಕೆಂಪು, ಹಳದಿ, ನೀಲಿ ಎಂದು ಮೂರು ಚುಕ್ಕೆ ಇಡಿ. ಕೆಂಪು–ಹಳದಿಯ ನಡುವೆ ಕಿತ್ತಳೆ, ಹಳದಿ–ನೀಲಿಯ ನಡುವೆ ಹಸಿರು, ನೀಲಿ–ಕೆಂಪಿನ ನಡುವೆ ನೇರಳೆ ಬರುತ್ತದೆ. ಇದು ವರ್ಣಚಕ್ರ. ಚಕ್ರದಲ್ಲಿ ಅಕ್ಕಪಕ್ಕ ಇರುವ ಬಣ್ಣಗಳು ಒಂದೇ ಮನೆಯವರಂತೆ ಜಗಳವಿಲ್ಲದೆ ಇರುತ್ತವೆ. ಎದುರುಬದುರು ಇರುವ ಬಣ್ಣಗಳು, ಅಂದರೆ ಕೆಂಪು–ಹಸಿರು, ನೀಲಿ–ಕಿತ್ತಳೆ, ಹಳದಿ–ನೇರಳೆ, ಪಕ್ಕಪಕ್ಕ ಬಂದಾಗ ಒಂದನ್ನೊಂದು ಕೆರಳಿಸುತ್ತವೆ. ಇವನ್ನು ಪೂರಕ ವರ್ಣಗಳು ಎನ್ನುತ್ತಾರೆ. ಹಸಿರು ಬಾಳೆಲೆಯ ಮೇಲೆ ಕೆಂಪು ಮೆಣಸಿನಕಾಯಿ ಅಷ್ಟು ಕೆಂಪಗೆ ಕಾಣುವುದು ಅದಕ್ಕೇ.

ಪೂರಕ ವರ್ಣಗಳಿಗೆ ಇನ್ನೊಂದು ಗುಣವಿದೆ. ಪಕ್ಕದಲ್ಲಿಟ್ಟರೆ ಕೆರಳಿಸುವ ಅವೇ ಬಣ್ಣಗಳನ್ನು ಕಲಸಿದರೆ ಒಂದನ್ನೊಂದು ತಣಿಸುತ್ತವೆ. ಇದನ್ನು ನಿಮ್ಮ ಮನೆಯ ಹಿರಿಯರು ಯಾವ ಗ್ರಂಥವನ್ನೂ ಓದದೆ ಬಳಸುತ್ತಿದ್ದರು. ಗೋಡೆಗೆ ಸುಣ್ಣ ಹೊಡೆಯುವಾಗ ಬಕೆಟ್ಟಿಗೆ ಚಿಟಿಕೆ ನೀಲಿ ಹಾಕುತ್ತಿದ್ದುದು ನೆನಪಿದೆಯೇ? ಬಿಳಿ ಪಂಚೆಗೆ ಹಾಕುತ್ತಿದ್ದ ಅದೇ ನೀಲಿ. ಸುಣ್ಣದಲ್ಲಿರುವ ನಸುಹಳದಿಯನ್ನು ನೇರಳೆಯತ್ತ ವಾಲಿದ ಆ ನೀಲಿ ತಣಿಸುತ್ತದೆ, ಗೋಡೆ ಬೆಳ್ಳಗೆ ಕಾಣುತ್ತದೆ. ಬಿಳಿಯನ್ನು ಬಿಳಿಯಾಗಿಸಲು ಬೇಕಾದದ್ದು ಇನ್ನಷ್ಟು ಬಿಳಿಯಲ್ಲ, ಚಿಟಿಕೆ ನೀಲಿ.

ಬೆಳಕಿಲ್ಲದೆ ಬಣ್ಣವಿಲ್ಲ

ಈಗ ನಿಮ್ಮ ಕೋಣೆಗೆ ಬನ್ನಿ. ಬಣ್ಣದ ಡಬ್ಬಿ ತೆರೆಯುವ ಮೊದಲು ಒಂದು ದಿನ ಬೆಳಕನ್ನು ಗಮನಿಸಿ. ಪೂರ್ವದ ಕಿಟಕಿಯಿಂದ ಬೆಳಿಗ್ಗೆ ಬಿಸಿಲು ಬಂದು ಮಧ್ಯಾಹ್ನಕ್ಕೆ ಇಳಿಯುತ್ತದೆ. ಪಶ್ಚಿಮದ ಕಿಟಕಿಯಿಂದ ಸಂಜೆ ಕಿತ್ತಳೆ ಛಾಯೆಯ ಬೆಳಕು ಬರುತ್ತದೆ. ನಮ್ಮ ನಾಡಿನಲ್ಲಿ ವರ್ಷದ ಬಹುಕಾಲ ಸೂರ್ಯ ದಕ್ಷಿಣಕ್ಕೆ ವಾಲಿಯೇ ಸಾಗುವುದರಿಂದ ಉತ್ತರದ ಕಿಟಕಿಯ ಬೆಳಕು ಹೆಚ್ಚು ಏರಿಳಿತವಿಲ್ಲದೆ ತಂಪಾಗಿರುತ್ತದೆ. ಚಿತ್ರ ಬರೆಯುವವರು ಉತ್ತರದ ಕಿಟಕಿಯನ್ನು ಇಷ್ಟಪಡುವುದು ಇದಕ್ಕಾಗಿ.

ಮಲೆನಾಡಿನ ಹಳೆಯ ಮನೆಗಳ ಒಳಗೆ ಬೆಳಕು ಕಡಿಮೆ. ಇಳಿಮಾಡು ತಗ್ಗು, ಕಿಟಕಿ ಚಿಕ್ಕದು, ಮಳೆಗಾಲ ದೀರ್ಘ. ಅಲ್ಲಿನ ಗಾಢ ಗೋಡೆಯ ಮೇಲೆ ಬಿಳಿ ಗೆರೆಯ ಚಿತ್ತಾರ ಇದ್ದಷ್ಟು ಬೆಳಕನ್ನೂ ಹಿಡಿದು ಕೊಡುತ್ತದೆ. ಆ ಚಿತ್ತಾರ ಅಲ್ಲಿ ಯಾಕೆ ಹೊಂದುತ್ತದೆ ಎಂಬುದು ಆ ಮಬ್ಬಿನಲ್ಲಿ ನಿಂತು ನೋಡಿದಾಗ ತಾನಾಗಿ ತಿಳಿಯುತ್ತದೆ.

ರಾತ್ರಿಯ ಬೆಳಕು ಬೇರೆ ಮಾತು. ಎಲ್‌ಇಡಿ ಬಲ್ಬಿನ ಡಬ್ಬಿಯ ಮೇಲೆ 2700ಕೆ, 4000ಕೆ, 6500ಕೆ ಎಂದು ಬರೆದಿರುತ್ತದೆ. 'ಕೆ' ಎಂದರೆ ಕೆಲ್ವಿನ್, ಬೆಳಕಿನ ಛಾಯೆಯ ಅಳತೆ. ಅಂಕಿ ಚಿಕ್ಕದಾದಷ್ಟೂ ಬೆಳಕು ದೀಪದಂತೆ ಹಳದಿ, ದೊಡ್ಡದಾದಷ್ಟೂ ಟ್ಯೂಬ್‌ಲೈಟಿನಂತೆ ನೀಲಿ–ಬಿಳಿ. ಕೆಮ್ಮಣ್ಣು, ಅರಿಶಿನ, ಮರದ ಕಂದು ಬಣ್ಣಗಳು 6500ಕೆ ಬೆಳಕಿನಲ್ಲಿ ಕಳೆಗುಂದುತ್ತವೆ, 2700ಕೆ ಬೆಳಕಿನಲ್ಲಿ ಕಳೆಕಟ್ಟುತ್ತವೆ. ಎಷ್ಟೋ ಸಲ ಗೋಡೆಗೆ ಮತ್ತೆ ಬಣ್ಣ ಹೊಡೆಸಬೇಕೆಂದು ಬಂದವರಿಗೆ "ಮೊದಲು ಬಲ್ಬು ಬದಲಿಸಿ ನೋಡಿ" ಎಂದು ಹೇಳಿ ಕಳಿಸಿದ್ದೇನೆ.

ಒಡಲು, ಅಂಚು, ಸೆರಗು

ಬಣ್ಣಗಳು ಯಾವುವೆಂದು ಗೊತ್ತಾದ ಮೇಲೆ ಯಾವುದು ಎಷ್ಟು ಎಂಬ ಪ್ರಶ್ನೆ ಬರುತ್ತದೆ. ಒಳಾಂಗಣ ವಿನ್ಯಾಸಕಾರರು 60–30–10 ಎಂಬ ಒಂದು ಲೆಕ್ಕ ಹೇಳುತ್ತಾರೆ. ಕೋಣೆಯ 60 ಪಾಲು ಒಂದು ಮುಖ್ಯ ಬಣ್ಣ, 30 ಪಾಲು ಅದಕ್ಕೆ ಜೊತೆಯ ಬಣ್ಣ, 10 ಪಾಲು ಎದ್ದು ಕಾಣುವ ಬಣ್ಣ. ಇದು ಕಟ್ಟಳೆಯಲ್ಲ, ಕಣ್ಣಂದಾಜು.

ಇದನ್ನು ನೆನಪಿಡಲು ನಿಮಗೆ ಅಂಕಿ ಬೇಡ, ಸೀರೆ ಸಾಕು. ಇಳಕಲ್ ಸೀರೆಯನ್ನು ನೋಡಿ. ಒಡಲು ಗಾಢ ನೀಲಿಯೋ ದಾಳಿಂಬೆ ಬಣ್ಣವೋ, ಅದೇ ಬಹುಪಾಲು. ಅಂಚು ಅದಕ್ಕೆ ಗಡಿ ಕಟ್ಟುತ್ತದೆ. ಸೆರಗಿನಲ್ಲಿ ಕೆಂಪಿನ ಮೇಲೆ ಬಿಳಿ ವಿನ್ಯಾಸ ಬಂದು ಕಣ್ಣು ಸೆಳೆಯುತ್ತದೆ. ಸೀರೆಯುದ್ದಕ್ಕೂ ಸೆರಗೇ ಇದ್ದಿದ್ದರೆ ಅದಕ್ಕೆ ಸೆರಗಿನ ಬೆಲೆ ಬರುತ್ತಿರಲಿಲ್ಲ.

ಕೋಣೆಯಲ್ಲಿ ಒಡಲು ಎಂದರೆ ಗೋಡೆ, ಸೂರು ಮತ್ತು ನೆಲ. ಅಂಚು ಎಂದರೆ ಪರದೆ, ಚಾಪೆ, ಸೋಫಾ, ಬಾಗಿಲಿನ ಮರ. ಸೆರಗು ಎಂದರೆ ನಿಮ್ಮ ಬಣ್ಣ ಬರೆದ ವಸ್ತು ಮತ್ತು ಅದರ ಬಣ್ಣವನ್ನೇ ಮತ್ತೊಮ್ಮೆ ನೆನಪಿಸುವ ಒಂದೆರಡು ದಿಂಬು.

ನಮ್ಮ ಬುಟ್ಟಿಗೆ ಇದನ್ನು ಅನ್ವಯಿಸೋಣ. ಒಡಲಿಗೆ ಬುಟ್ಟಿಯ ಬಿಳಿಯನ್ನು ಆರಿಸಿಕೊಳ್ಳಿ. ಆದರೆ ನೀಲಿ ಹಾಕಿದ ಸುಣ್ಣದ ಅಚ್ಚಬಿಳಿ ಬೇಡ, ಅಕ್ಕಿ ಹಿಟ್ಟಿನ ನಸುಹಳದಿ ಬಿಳಿ ಇರಲಿ. ಅಂಚಿಗೆ ಬುಟ್ಟಿಯ ಬಿದಿರು ನೆನಪಿಸುವ ತಿಳಿಗಂದು ಇರಲಿ: ಖಾದಿ ಪರದೆ, ಈಚಲ ಚಾಪೆ, ಮರದ ಕಪಾಟು. ಸೆರಗಿಗೆ ಕೆಮ್ಮಣ್ಣಿನ ಕೆಂಪು: ಸ್ವತಃ ಬುಟ್ಟಿ, ಜೊತೆಗೆ ಎರಡು ದಿಂಬು. ಚಿಟಿಕೆ ಹಳದಿ ಬೇಕೆನಿಸಿದರೆ ಹೂದಾನಿಯಲ್ಲಿ ನಾಲ್ಕು ಸೇವಂತಿಗೆ. ನಿಮ್ಮ ಮನೆಯಲ್ಲಿ ಹಳೆಯ ರೆಡ್ ಆಕ್ಸೈಡ್ ನೆಲವಿದ್ದರೆ ನೀವು ಪುಣ್ಯವಂತರು. ಕೆಂಪು ಒಡಲಿನಲ್ಲೇ ಬಂದಿರುವುದರಿಂದ ದಿಂಬು ಕೊಳ್ಳುವ ಖರ್ಚೂ ಉಳಿಯಿತು.

ಗೋಡೆಯ ಬಣ್ಣ ನಿರ್ಧರಿಸುವ ಮೊದಲು ಎರಡಡಿ ಅಗಲ, ಎರಡಡಿ ಉದ್ದದ ಹಲಗೆಗೆ ಅದನ್ನು ಹಚ್ಚಿ ಗೋಡೆಗೆ ಒರಗಿಸಿ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ದೀಪದಲ್ಲಿ ನೋಡಿ. ಎರಡು ದಿನವಾದರೂ ಕಾಯಿರಿ. ಶೇಡ್ ಕಾರ್ಡಿನ ಚೌಕದಲ್ಲಿ ಕಂಡದ್ದಕ್ಕಿಂತ ನಾಲ್ಕು ಗೋಡೆಯಲ್ಲಿ ಬಣ್ಣ ಹೆಚ್ಚು ಗಟ್ಟಿಯಾಗಿ ಕಾಣುತ್ತದೆ, ಏಕೆಂದರೆ ಒಂದು ಗೋಡೆಯ ಬಣ್ಣ ಇನ್ನೊಂದರ ಮೇಲೆ ಬಿದ್ದು ಇಮ್ಮಡಿಸುತ್ತದೆ. ಆದ್ದರಿಂದ ಇಷ್ಟವಾದ ಚೌಕಕ್ಕಿಂತ ಒಂದು ಮೆಟ್ಟಿಲು ತಿಳಿಯಾದುದನ್ನು ಆರಿಸುವುದು ಒಳ್ಳೆಯದು. ವಸ್ತುವಿನ ಹಿಂದಿನ ಗೋಡೆಗೆ ಹೊಳಪಿಲ್ಲದ ಬಣ್ಣ ಕೇಳಿ. ಅಂಗಡಿಯಲ್ಲಿ ಇದಕ್ಕೆ ಮ್ಯಾಟ್ ಎನ್ನುತ್ತಾರೆ. ಹೊಳೆಯುವ ಗೋಡೆಯಲ್ಲಿ ಬಲ್ಬಿನ ಪ್ರತಿಬಿಂಬ ಕಂಡು ವಸ್ತುವಿನಿಂದ ಗಮನ ತಪ್ಪುತ್ತದೆ.

ಯಾವ ವಸ್ತುವನ್ನು ಆರಿಸುವುದು?

ಬುಟ್ಟಿ ಒಂದು ಉದಾಹರಣೆ ಮಾತ್ರ. ನಮ್ಮ ನಾಡಿನಲ್ಲೇ ಬಣ್ಣ ಬರೆದ ವಸ್ತುಗಳ ದೊಡ್ಡ ಕುಟುಂಬವಿದೆ. ಒಬ್ಬೊಬ್ಬರ ಸ್ವಭಾವ ಒಂದೊಂದು.

ಚನ್ನಪಟ್ಟಣದ ಬೊಂಬೆಗಳು ಹಾಲೆ ಮರದಿಂದ ಆದವು. ಮರದ ತುಂಡು ಕಡಚಲು ಯಂತ್ರದಲ್ಲಿ ಗಿರ್ರನೆ ತಿರುಗುವಾಗ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಅಂಟುತ್ತದೆ. ಇಲ್ಲಿ ಬಣ್ಣವನ್ನು ಬಳಿಯುವುದಿಲ್ಲ, ಕೂರಿಸುತ್ತಾರೆ. ಈ ಬೊಂಬೆಗಳ ತೀವ್ರತೆಯೂ ಹೊಳಪೂ ಹೆಚ್ಚು. ಹಾಗಾಗಿ ಹಿನ್ನೆಲೆ ಸುಮ್ಮನಿರಬೇಕು: ಬಿಳಿ ಗೋಡೆ ಅಥವಾ ಬರಿಯ ಮರದ ಹಲಗೆ. ಬೇರೆ ಬೇರೆ ಎತ್ತರದ ಮೂರನ್ನು ಒಟ್ಟಿಗೆ ಇಡಿ. ಮೂವತ್ತನ್ನು ಇಟ್ಟರೆ ಅಂಗಡಿಯಾಗುತ್ತದೆ.

ಕೊಪ್ಪಳ ಜಿಲ್ಲೆಯ ಕಿನ್ನಾಳದಲ್ಲಿ ಚಿತ್ರಗಾರ ಮನೆತನದವರು ಹಗುರ ಮರದಲ್ಲಿ ದೇವರ ಮೂರ್ತಿ, ಪ್ರಾಣಿ–ಪಕ್ಷಿ, ಹಣ್ಣು–ತರಕಾರಿಗಳ ಬೊಂಬೆ ಮಾಡುತ್ತಾರೆ. ಮರದ ತುಂಡುಗಳ ಕೂಡುಗೆರೆ ಮುಚ್ಚಲು ಅವರು ಬಳಸುವ ಕಿಟ್ಟ ಎಂಬ ಪದಾರ್ಥ ಸೆಣಬಿನ ಚಿಂದಿಯನ್ನು ಹುಣಸೆಬೀಜದ ಅಂಟಿನಲ್ಲಿ ಕಲಸಿ ಮಾಡಿದ್ದು. ಒಡವೆಗಳನ್ನು ಕಲ್ಲಿನ ಪುಡಿಯ ಲೇಪದಿಂದ ಉಬ್ಬಾಗಿ ಎಬ್ಬಿಸುತ್ತಾರೆ. ಇಂಥ ಒಂದು ಬೊಂಬೆ ಕೋಣೆಯಲ್ಲಿದ್ದರೆ ಅದೇ ಯಜಮಾನ. ಅದರ ಪಕ್ಕದಲ್ಲಿ ಇನ್ನೊಂದು ಗಾಢ ವಸ್ತು ಬೇಡ.

ಮೈಸೂರು ಶೈಲಿಯ ಚಿತ್ರಪಟದಲ್ಲಿ ಆಭರಣ, ಪ್ರಭಾವಳಿಗಳನ್ನು ತೆಳುವಾಗಿ ಉಬ್ಬಿಸಿ ಚಿನ್ನದ ರೇಕು ಅಂಟಿಸಿರುತ್ತಾರೆ. ತಂಜಾವೂರಿನ ಚಿತ್ರಗಳಿಗಿಂತ ಇಲ್ಲಿ ಉಬ್ಬು ಕಡಿಮೆ. ಆ ನಯವಾದ ಉಬ್ಬು ಕಾಣಬೇಕಾದರೆ ಬೆಳಕು ನೇರವಾಗಿ ಎದುರಿನಿಂದ ಬರಬಾರದು, ಬದಿಯಿಂದ ಬರಬೇಕು. ದೇವರ ಮನೆಯ ಸಣ್ಣ ದೀಪ ಅದಕ್ಕೆ ಹೇಳಿ ಮಾಡಿಸಿದ್ದು.

ಕರಾವಳಿಯ ಕೆಲವು ಹಳೆಯ ದೇವಾಲಯಗಳಲ್ಲಿ ನೀವು ಕಾವಿ ಕಲೆಯನ್ನು ಕಂಡಿರಬಹುದು. ಬಿಳಿ ಗಾರೆಯ ಮೇಲೆ ಕೆಂಪು ಪದರ ಬಳಿದು, ಹಸಿಯಿರುವಾಗಲೇ ಬೇಕಾದಷ್ಟನ್ನು ಕೆರೆದು ತೆಗೆದು ಕೆಳಗಿನ ಬಿಳಿ ಕಾಣಿಸುವ ವಿಧಾನ ಅದು. ಎರಡೇ ಬಣ್ಣದಲ್ಲಿ ಇಡೀ ಗೋಡೆಯನ್ನು ತುಂಬಬಹುದು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ.

ಕೊಳ್ಳುವಾಗ ಗೆರೆಗಳನ್ನು ಹತ್ತಿರದಿಂದ ನೋಡಿ. ಕೈಯಿಂದ ಎಳೆದ ಗೆರೆ ಎಲ್ಲ ಕಡೆ ಒಂದೇ ದಪ್ಪ ಇರುವುದಿಲ್ಲ. ಕುಂಚದಲ್ಲಿ ಬಣ್ಣ ತುಂಬಿದ್ದಾಗ ದಪ್ಪ, ಮುಗಿಯುತ್ತ ಬಂದಾಗ ಸಣ್ಣ. ಹಾಗೆ ಏರಿಳಿಯುವ ಗೆರೆಯ ಹಿಂದೆ ಒಬ್ಬರ ಉಸಿರಿದೆ.

ಎಲ್ಲಿಡಬೇಕು?

ಚಿತ್ರವನ್ನು ತೂಗುಹಾಕುವಾಗ ಬಹಳ ಜನ ಮಾಡುವ ತಪ್ಪು ಒಂದೇ: ತೀರ ಎತ್ತರಕ್ಕೆ ಮೊಳೆ ಹೊಡೆಯುವುದು. ಹಿರಿಯರ ಫೋಟೊಗಳನ್ನು ಬಾಗಿಲಿನ ಮೇಲೆ ಹಾಕಿ ಬಂದ ಅಭ್ಯಾಸ ಅದು. ಕಲಾ ಗ್ಯಾಲರಿಗಳಲ್ಲಿ ಚಿತ್ರದ ನಡುಭಾಗ ನೆಲದಿಂದ ಸುಮಾರು 57ರಿಂದ 60 ಇಂಚು ಎತ್ತರದಲ್ಲಿ ಬರುವಂತೆ ಹಾಕುವುದು ವಾಡಿಕೆ. ನಿಂತವರ ಕಣ್ಣಿನ ಮಟ್ಟ ಅದು. ನಿಮ್ಮ ಮನೆಯಲ್ಲಿ ಎಲ್ಲರೂ ಚಾಪೆ ಹಾಸಿ ನೆಲದ ಮೇಲೆ ಕೂರುವ ಕೋಣೆಯಾದರೆ ಇನ್ನೂ ಕೆಳಗೆ ಹಾಕಿ, ಯಾರೂ ಆಕ್ಷೇಪಿಸುವುದಿಲ್ಲ. ಸೋಫಾದ ಮೇಲಾದರೆ ಅದರ ಒರಗುಬೆನ್ನಿಗೂ ಚೌಕಟ್ಟಿಗೂ ನಡುವೆ ಆರರಿಂದ ಎಂಟು ಇಂಚು ಬಿಡಿ. ಚಿತ್ರದ ಅಗಲ ಸೋಫಾದ ಮೂರನೇ ಎರಡು ಪಾಲಿನಷ್ಟಿದ್ದರೆ ಎರಡೂ ಒಟ್ಟಿಗೆ ಕೂತಂತೆ ಕಾಣುತ್ತವೆ.

ಬುಟ್ಟಿ, ಮಡಕೆಯಂಥ ದುಂಡನೆಯ ವಸ್ತುಗಳಿಗೆ ತಗ್ಗು ಮಣೆಯೋ ಸ್ಟೂಲೋ ಸಾಕು. ಸುತ್ತ ಒಂದು ಗೇಣಾದರೂ ಖಾಲಿ ಬಿಡಿ. ಟಿವಿಯ ಪಕ್ಕದಲ್ಲಿಡಬೇಡಿ. ಅಲ್ಲಾಡುವ ಚಿತ್ರದ ಮುಂದೆ ಅಲ್ಲಾಡದ ಚಿತ್ರ ಯಾವತ್ತೂ ಸೋಲುತ್ತದೆ.

ನಿಮ್ಮ ಕೈಯಿಂದಲೇ ಒಂದು

ಓದಿದ್ದು ಕೈಗೆ ಇಳಿಯಬೇಕಾದರೆ ಒಂದು ಮಡಕೆಗೆ ಬಣ್ಣ ಹಚ್ಚಿ ನೋಡಿ. ಕುಂಬಾರರಿಂದ ಒಂದು ಸಾದಾ ಕುಡಿಕೆ ತನ್ನಿ.

ಮೊದಲ ಹೆಜ್ಜೆ: ಒದ್ದೆ ಬಟ್ಟೆಯಲ್ಲಿ ಧೂಳು ಒರೆಸಿ ಒಂದು ದಿನ ಪೂರ್ತಿ ಒಣಗಲು ಬಿಡಿ. ಹಸಿ ಮಣ್ಣಿನ ಮೇಲೆ ಹಚ್ಚಿದ ಬಣ್ಣ ಸಿಪ್ಪೆಯಂತೆ ಏಳುತ್ತದೆ.

ಎರಡನೆಯ ಹೆಜ್ಜೆ: ನಯವಾದ ಸ್ಯಾಂಡ್‌ಪೇಪರಿನಿಂದ ಮೆಲ್ಲಗೆ ಉಜ್ಜಿ, ಒಂದು ಪದರ ಪ್ರೈಮರ್ ಹಚ್ಚಿ. ಮುಖ್ಯ ಬಣ್ಣಕ್ಕೆ ಮೊದಲು ಹಚ್ಚುವ ತಳಪದರಕ್ಕೆ ಪ್ರೈಮರ್ ಎನ್ನುತ್ತಾರೆ. ಅದಿಲ್ಲದಿದ್ದರೆ ಮಡಕೆ ಬಣ್ಣವನ್ನು ನೀರಿನಂತೆ ಕುಡಿದುಬಿಡುತ್ತದೆ.

ಮೂರನೆಯ ಹೆಜ್ಜೆ: ಅಕ್ರಿಲಿಕ್ ಬಣ್ಣದಲ್ಲಿ ಹಿನ್ನೆಲೆ ಹಚ್ಚಿ. ಅಕ್ರಿಲಿಕ್ ಎಂದರೆ ನೀರಿನಲ್ಲಿ ಕಲಸುವ, ಒಣಗಿದ ಮೇಲೆ ನೀರಿಗೆ ಕರಗದ ಬಣ್ಣ. ಕೆಂಪಿಗೆ ಚೂರೇ ಚೂರು ಹಸಿರು ಬೆರೆಸಿ. ಪೂರಕ ವರ್ಣ ಕಲಸಿದರೆ ತಣಿಯುತ್ತದೆ ಎಂದೆನಲ್ಲ, ನಿಮ್ಮ ಕಣ್ಣೆದುರೇ ಕುಂಕುಮ ಕೆಮ್ಮಣ್ಣಾಗುವುದನ್ನು ನೋಡಿ. ಎರಡು ತೆಳು ಪದರ ಸಾಕು, ಒಂದು ಒಣಗಿದ ಮೇಲೆ ಇನ್ನೊಂದು.

ನಾಲ್ಕನೆಯ ಹೆಜ್ಜೆ: ಸಣ್ಣ ಕುಂಚದಲ್ಲಿ ಬಿಳಿ ತೆಗೆದುಕೊಂಡು ಕಂಠದ ಸುತ್ತ ಎರಡು ಗೆರೆ, ನಡುವೆ ಓರೆಗೆರೆ, ಕೆಳಗೆ ಒಂದು ಸಾಲು ಚುಕ್ಕೆ ಇಡಿ. ಅಲ್ಲಿಗೆ ನಿಲ್ಲಿಸಿ. ಇನ್ನೂ ಏನಾದರೂ ಬರೆಯೋಣ ಎನ್ನಿಸುವ ಗಳಿಗೆಯೇ ಕುಂಚ ಕೆಳಗಿಡುವ ಗಳಿಗೆ.

ಈ ಮಡಕೆ ನೋಡಲು ಮಾತ್ರ. ಕುಡಿಯುವ ನೀರಿಗೂ ಅಡುಗೆಗೂ ಬೇಡ.

ಕಾಪಾಡಿಕೊಳ್ಳುವುದು

ಬಣ್ಣಕ್ಕೆ ಮೂವರು ವೈರಿಗಳು: ಬಿಸಿಲು, ತೇವ, ಧೂಳು. ನೇರ ಬಿಸಿಲಿಗೆ ಬಣ್ಣ ಮಾಸುತ್ತದೆ, ಅರಗಿನ ಬೊಂಬೆ ಬಿಸಿಗೆ ಮೆತ್ತಗಾಗಿ ಹೊಳಪು ಕಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ತೇವದ ಗೋಡೆಗೆ ಒತ್ತಿದ ಚಿತ್ರದ ಹಿಂಬದಿಗೆ ಬೂಷ್ಟು ಹಿಡಿಯುತ್ತದೆ. ಚೌಕಟ್ಟಿನ ಹಿಂದೆ ನಾಲ್ಕು ಮೂಲೆಗೂ ಬಿರಡೆಯ ಚೂರು ಅಂಟಿಸಿದರೆ ಗಾಳಿಯಾಡುತ್ತದೆ. ಕೆಮ್ಮಣ್ಣು, ಅಕ್ಕಿ ಹಿಟ್ಟಿನ ಕೆಲಸವನ್ನು ಒದ್ದೆ ಬಟ್ಟೆಯಲ್ಲಿ ಎಂದಿಗೂ ಒರೆಸಬೇಡಿ, ಒಣ ಕುಂಚದಿಂದ ಧೂಳು ಹಾರಿಸಿದರೆ ಸಾಕು.

ಹಳೆಯ ಬಾಗಿಲು, ಕಿಟಕಿಗಳ ಎನಾಮೆಲ್ ಬಣ್ಣ ಕೆರೆಯುವಾಗ ಎಚ್ಚರವಿರಲಿ. ಹಿಂದಿನ ಕಾಲದ ಬಣ್ಣಗಳಲ್ಲಿ ಸೀಸ ಇರುವ ಸಾಧ್ಯತೆಯಿದೆ, ಅದರ ಪುಡಿ ಮಕ್ಕಳಿಗೆ ವಿಷ. ನಮ್ಮ ದೇಶದ 2016ರ ನಿಯಮದಂತೆ ಮನೆಬಳಕೆಯ ಬಣ್ಣದಲ್ಲಿ ಸೀಸದ ಮಿತಿ ಹತ್ತು ಲಕ್ಷ ಭಾಗಕ್ಕೆ 90 ಭಾಗ. ಹೊಸ ಡಬ್ಬಿಯ ಮೇಲೆ ಅದನ್ನು ಓದಿ ಕೊಳ್ಳಿ. ಹಳೆಯದನ್ನು ಉಜ್ಜುವಾಗ ಒದ್ದೆ ಮಾಡಿ ಉಜ್ಜಿಸಿ, ಮಕ್ಕಳನ್ನು ದೂರವಿಡಿ.

ನಾಳೆಯ ಕೆಲಸ

ಇಷ್ಟೆಲ್ಲ ಓದಿದ ಮೇಲೆ ನೀವು ಮಾಡಬೇಕಾದದ್ದು ತುಂಬ ಚಿಕ್ಕ ಕೆಲಸ. ನಾಳೆ ಅಟ್ಟ ಹತ್ತಿ ಅಥವಾ ಕಪಾಟಿನ ಮೇಲಿನ ಅರೆ ಹುಡುಕಿ. ಮದುವೆಯಲ್ಲಿ ಬಂದ ಉಡುಗೊರೆ, ಜಾತ್ರೆಯಲ್ಲಿ ಕೊಂಡ ಬೊಂಬೆ, ಅಜ್ಜಿಯ ಕಾಲದ ಬಣ್ಣದ ಡಬ್ಬಿ, ಯಾವುದಾದರೂ ಒಂದು ಸಿಗುತ್ತದೆ. ಧೂಳು ಹಾರಿಸಿ ಕಿಟಕಿಯ ಬೆಳಕಿಗೆ ಇಡಿ. ಅದರಲ್ಲಿ ಎಷ್ಟು ಬಣ್ಣವಿದೆ, ಯಾವುದು ಒಡಲು, ಯಾವುದು ಅಂಚು, ಯಾವುದು ಸೆರಗು ಎಂದು ಒಂದು ಚೀಟಿಯಲ್ಲಿ ಬರೆಯಿರಿ. ಮೂರು ದಿನ ಅದನ್ನು ಹಾಗೇ ಬಿಟ್ಟು, ಹೋಗುತ್ತ ಬರುತ್ತ ನೋಡುತ್ತಿರಿ.

ಆಮೇಲೆ ಬಣ್ಣದ ಅಂಗಡಿಗೆ ಹೋಗಿ. ಹೋಗುವಾಗ ಬರಿಗೈಯಲ್ಲಿ ಹೋಗಬೇಡಿ. ಆ ವಸ್ತುವನ್ನು ಮೆತ್ತನೆಯ ಬಟ್ಟೆಯಲ್ಲಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ಹೋಗಿ, ಶೇಡ್ ಕಾರ್ಡಿನ ಪಕ್ಕದಲ್ಲೇ ಇಟ್ಟು ನೋಡಿ. ಸಾವಿರ ಚೌಕಗಳಲ್ಲಿ ಒಂದೈದಾರು ಮಾತ್ರ ಅದರ ಜೊತೆ ನಿಲ್ಲುತ್ತವೆ. ಆ ಐದಾರರಲ್ಲಿ ಯಾವುದನ್ನು ಆರಿಸಿದರೂ ನೀವು ತಪ್ಪುವುದಿಲ್ಲ.